ಚಿಲ್ಲರೆ ಬಾಕಿ

ಗೇಟಿಗೆ ಬೋರ್ಡು ಕಟ್ಟಿದ್ದು ಗುರುವಾರ.
ಭಾನುವಾರ ಮಧ್ಯಾಹ್ನದೊಳಗೆ ಏಳು ಪಾರ್ಟಿ.

ಮೂವತ್ತೊಂದು ವರ್ಷ ಸುಂಕದಕಟ್ಟೆ–ಮಾರ್ಕೆಟ್ ರೂಟಿನಲ್ಲಿ
ಮುಖ ನೋಡಿ ಟಿಕೆಟ್ ಹರಿದವನು ನಾನು.
ಹಿಂದಿನ ಬಾಗಿಲಲ್ಲಿ ನೇತಾಡುವವನ ಕತ್ತು
ಯಾವ ಕಡೆ ತಿರುಗಿದೆ ಎಂಬುದರಲ್ಲೇ
ಅವನ ಜೇಬು ಓದಬಲ್ಲೆ.
ಮೇಲಿನ ಮನೆಗೆ ಬರುವವರನ್ನು ಓದಲಾರೆನೆ?

ಚಪ್ಪಲಿ ಎಲ್ಲಿ ಬಿಡ್ತಾರೆ ನೋಡಿ, ಸಾಕು, ಎಂದಳು ಹೆಂಡತಿ.
ಮಗಳು ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದಳು:
ಆಧಾರ್, ಕಂಪನಿ ಐಡಿ, ಮೂರು ತಿಂಗಳ ಸಂಬಳದ ಚೀಟಿ,
ಪೊಲೀಸ್ ಠಾಣೆಗೆ ಒಂದು ಫಾರಂ, ಹನ್ನೊಂದು ತಿಂಗಳ ಕರಾರು,
ಕಡೆಯಲ್ಲಿ ದಪ್ಪ ಅಕ್ಷರ:
ಹಳೇ ಓನರಿಗೆ ತಪ್ಪದೆ ಫೋನ್ ಮಾಡಪ್ಪಾ.

ಮಾಡಿದೆ.
ಮೊದಲನೆಯವನ ಓನರು ಹೊಗಳಿದ ರೀತಿಗೇ ತಿಳಿಯಿತು,
ಸಾಗಹಾಕಲು ಎಷ್ಟು ಆತುರದಲ್ಲಿದ್ದಾನೆಂದು.
ಎರಡನೆಯವನ ಓನರು ಫೋನ್ ಎತ್ತಿದಾಗ
ನಮ್ಮ ಬೀದಿಯ ಸೊಪ್ಪಿನವಳ ಕೂಗು
ನನ್ನ ಎರಡೂ ಕಿವಿಗೆ ಕೇಳಿಸಿತು.
ಇಣುಕಿದರೆ, ಗೇಟಿನಾಚೆ ಬೈಕಿನ ಮೇಲೆ ಕೂತಿದ್ದಾನೆ.
ಇನ್ನೊಂದು ಜೋಡಿ ಬಾಡಿಗೆ ಎಷ್ಟೆಂದು ಕೇಳಲೇ ಇಲ್ಲ;
ದರ ಕೇಳದವನಿಗೆ ಕೊಡುವ ಯೋಚನೆಯೂ ಇರುವುದಿಲ್ಲ.
ಆಮೇಲೆ ಹುಡುಗರು. 'ನಾವು ಇಬ್ಬರೇ ಅಂಕಲ್.'
ಉಳಿದ ಮೂವರು ಆಗಲೇ ತಾರಸಿ ಹತ್ತಿ
ನೀರಿನ ಟ್ಯಾಂಕು ತಟ್ಟಿ ನೋಡುತ್ತಿದ್ದರು.

ಕಡೆಗೆ ಬಂದಳು ಸಫೂರಾ.
ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ,
ಜೊತೆಗೆ ಎಂಟನೇ ಕ್ಲಾಸಿನ ತಂಗಿ.
ನಾನು ಕೇಳುವ ಮೊದಲೇ ಎಲ್ಲ ಕಾಗದ
ಒಂದು ಪ್ಲಾಸ್ಟಿಕ್ ಫೈಲಿನಲ್ಲಿ.
ಎಷ್ಟು ಮೆಟ್ಟಿಲು ಹತ್ತಿ ಇಳಿದಿತ್ತೋ ಆ ಫೈಲು,
ಮೂಲೆಗಳೆಲ್ಲ ಬಿಳುಚಿದ್ದವು.

ಗಂಟಲು ಸರಿಮಾಡಿಕೊಂಡೆ.
'ಅಡುಗೆ... ಏನು ಮಾಡ್ತೀರಮ್ಮ?'
ಪ್ರಶ್ನೆ ಅಡುಗೆಯದಲ್ಲ ಎಂದು ಅವಳಿಗೂ ಗೊತ್ತು,
ನನಗೂ ಗೊತ್ತು,
ಒಳಗೆ ಕೋಳಿಸಾರು ಕುದಿಸುತ್ತಿದ್ದ ನನ್ನ ಹೆಂಡತಿಗೂ ಗೊತ್ತು.
'ಅನ್ನ, ಸಾರು,' ಎಂದಳು. 'ನೈಟ್ ಡ್ಯೂಟಿ ಇದ್ದರೆ ಮ್ಯಾಗಿ.'

ಬಸ್ಸಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಎಲ್ಲಿಗೆ?
ಯಾರು ಏನು ಉಂಡು ಹತ್ತಿದರೆಂದು
ನನ್ನ ಚರ್ಮದ ಚೀಲಕ್ಕೆ ಬೇಕಿರಲಿಲ್ಲ.

ಅಡ್ವಾನ್ಸ್ ಐದು ತಿಂಗಳು ಅಂದೆ.
ಅವಳು ಬರೆದುಕೊಂಡಳು. ಪೆನ್ನು ಮುಚ್ಚಲಿಲ್ಲ.
'ಸಾರ್, ಮೊದಲು ಇಲ್ಲಿದ್ದವರ ನಂಬರ್ ಕೊಡ್ತೀರಾ?
ನಾನೂ ಒಂದು ಮಾತು ಕೇಳಿ ನೋಡ್ತೀನಿ.'

ಡೈರಿ ಹುಡುಕುವ ನೆಪದಲ್ಲಿ ಒಳಗೆ ಹೋದೆ.
ಡೈರಿ ಟಿವಿಯ ಪಕ್ಕದಲ್ಲೇ ಇತ್ತು.

ತಿಪ್ಪಣ್ಣಾಚಾರಿ, ಮರಗೆಲಸ.
ಖಾಲಿ ಮಾಡಿದ ದಿನ ಬಣ್ಣಕ್ಕೆಂದು ಒಂದು ತಿಂಗಳು ಹಿಡಿದೆ,
ಚಿಲಕಕ್ಕೆ ಐನೂರು. ಆ ಚಿಲಕ ಅವನೇ ಹಾಕಿದ್ದು.
ಉಳಿದ ಆರು ಸಾವಿರ ಮುಂದಿನ ವಾರ ಎಂದೆ.
ಎರಡು ಸಲ ಬಂದ, ಎರಡು ಸಲವೂ ಬಾಗಿಲಲ್ಲೇ ನಿಂತ.
ಆಮೇಲೆ ಬರಲಿಲ್ಲ.

ಟಿಕೆಟಿನ ಬೆನ್ನಿಗೆ ಬರೆದುಕೊಟ್ಟ ಬಾಕಿ ಚಿಲ್ಲರೆ
ಕೇಳಲು ಮರೆತು ಇಳಿದುಹೋದವರು
ಎಷ್ಟು ಜನ ಈ ಊರಿನಲ್ಲಿ.
ಸ್ಟಾಪು ಬಂದಾಗ ಕೂಗಿ ಕರೆಯಬೇಕಾದವನು
ಕಿಟಕಿಯಾಚೆ ನೋಡುತ್ತಿದ್ದೆ.
ನನ್ನ ಕತ್ತು ಯಾವ ಕಡೆ ತಿರುಗಿತ್ತೆಂದು
ಯಾರೂ ಓದಲಿಲ್ಲ.

ನಂಬರ್ ಬರೆದುಕೊಟ್ಟೆ.
ಒಂದು ಅಂಕಿ ತಪ್ಪು ಬರೆಯಬಹುದಿತ್ತು,
ಕೊನೆಯ ಏಳನ್ನು ಒಂದು ಮಾಡಿದ್ದರೆ ಸಾಕಿತ್ತು.
ಮಾಡಲಿಲ್ಲ.

ಅವರು ಹೋಗಿ ಅರ್ಧ ಗಂಟೆ.
ಅವಳಿಗಿಂತ ಮೊದಲು ನಾನೇ ಅವನಿಗೆ ಮಾಡಲೇ ಎಂದು
ಮೊಬೈಲ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೇನೆ.
ಸಾರು ಆರುತ್ತಿದೆ.

'ಚಪ್ಪಲಿ ಎಲ್ಲಿ ಬಿಟ್ಟಿದ್ದಳು ಆ ಹುಡುಗಿ?'
ಹೆಂಡತಿ ಒಳಗಿಂದ ಕೇಳುತ್ತಾಳೆ.

ನಾನು ನೋಡಿರಲಿಲ್ಲ.