ಸೂಜಿಮೊನೆಯಷ್ಟು

ಕೊಯ್ತಾ ಬಡದ ಕಾಲು ಹಿಡಕೊಂಡು
ಕಸ್ತೂರಬಾಯಿ ಚೀರಾಕತ್ಯಾಳ,
ಬಾಗಲ ತನಕ ರಕ್ತ. ಮಂದಿ ಎಲ್ಲಾ ಆ ಕಡೆ.
ಸಿದ್ರಾಯ ಗ್ವಾಡಿಗೆ ಸರದು ನಿಂತಾನ:
"ಅಕಿದು ಮೊದಲ ನೋಡ್ರಿ ಸಿಸ್ಟರ್.
ನಂದೇನಿಲ್ಲ, ಒಂದು ಪಟ್ಟಿ ಸುತ್ತಿದ್ರ
ಮತ್ತ ಹೊಲಕ್ಕ ಹೋಗತೀನಿ."

ಬಟ್ಟು ನೋಡಿದೆ.
ಸೂಜಿಮೊನೆಯಷ್ಟು ತೂತು. ರಕ್ತಿಲ್ಲ.
ಕಬ್ಬಿನ ಟ್ರಾಲಿ ಎತ್ತೋ ಪೈಪಿನ್ಯಾಗ
ಎಣ್ಣಿ ಎಲ್ಲಿ ಸೋರತೈತಿ ಅಂತ
ಬಟ್ಟಿಟ್ಟು ಹುಡುಕ್ಯಾನ.
"ಮುಳ್ಳು ಚುಚ್ಚಿದಂಗಾತು, ಅಷ್ಟ."

ಅಷ್ಟ ಅಂದಿದ್ದ ಬಿಳೆಣಸಿದ್ಧನೂ, ಹ್ವಾದ ವರ್ಷ.
ನಾನೂ ಅಷ್ಟ ಅಂದು
ಔಷಧ ಹಚ್ಚಿ, ಗುಳಿಗಿ ಕೊಟ್ಟು ಕಳಿಸಿದ್ದೆ.
ಈಗ ಉಮದಿ ಸಂತ್ಯಾಗ ಅಂವ
ಎಡಗೈಲೇ ತಕ್ಕಡಿ ಹಿಡಿತಾನ,
ಎಡಗೈ ಎದಿಗೆ ಒತ್ತಿ ನಮಸ್ಕಾರ ಅಂತಾನ,
ಒಂದ ಹಿಡಿ ಮೆಂತ್ಯ ಹೆಚ್ಚಿಗಿ ಹಾಕತಾನ.
ಆ ಪಲ್ಯ ನನಗ ಗಂಟಲದಾಗ ಇಳಿಯಂಗಿಲ್ಲ.

ಕಸ್ತೂರಬಾಯಿ ಕಾಲಿಗೆ ಅರಿವಿ ಒತ್ತಿ ಕಟ್ಟಿದೆ.
ನೀ ಚೀರವ್ವ, ದನಿ ಗಟ್ಟಿ ಐತಿ, ಚಲೋನ.
ಗಾಡಿ ಕರಿಸಿದೆ. ಮಿರಜಿಗೆ, ಈಗಿಂದೀಗ.
"ಇಷ್ಟಕ್ಕ?" ಅಂತ ನಕ್ಕ ಸಿದ್ರಾಯ.
ಬಟ್ಟು ಆಗಲೇ ಬೆಳ್ಳಗ, ಬಿಗಿ, ತಣ್ಣಗ.

ಮರಾಠಿ ಕೇಸಪೇಪರಿನ್ಯಾಗ
ತಕ್ರಾರ ಅಂತ ಒಂದು ಖಾನಿ.
ತಕರಾರೇನೋ ತಮ್ಮಾ?
"ಯಾರ ಮ್ಯಾಲೂ ಇಲ್ರಿ!" ಗಾಬರಿಬಿದ್ದ.
"ಮಾಲಕ್ರು ಚಲೋ ಅದಾರ.
ಇವತ್ತಿನ ಪಗಾರ ಮಾತ್ರ..."

ಅಕ್ಷರ ಬರೀಲಿಲ್ಲ ನಾ.
ಬಟ್ಟಿನ ಚಿತ್ರಾ ತಗದು
ಸೂಜಿಮೊನೆಯಷ್ಟು ಒಂದು ಚುಕ್ಕಿ ಇಟ್ಟೆ.
ಅದರ ಸುತ್ತ ಕೆಂಪ ಪೆನ್ನಿಲೇ ಗೆರಿ.
ಹಾಳಿ ಹರಿಯುವಷ್ಟು ಒತ್ತಿ.