ಒಳಪದರು

ಹಳೇ ಸಿಲಿಂಡರಿನ ಹೊಟ್ಟೆಗೆ ಕೈ ಹಾಕಿ
ಸುಟ್ಟ ಸೆರಾಮಿಕ್ ಉಣ್ಣೆ ಕೀಳುತ್ತೇನೆ,
ಮೂಗಿಗೆ ಮಾಸ್ಕು, ತಲೆಗೆ ಒದ್ದೆ ಟವೆಲು.
ಈ ಧೂಳು ಎದೆಗಿಳಿದರೆ ಮರಳಿ ಬರುವುದಿಲ್ಲ.

ತಳವನ್ನು ಬಿಳಿಗಾರ ತಿಂದಿದೆ,
ಗಾಜಿನ ಹಾಗೆ ಕರಗಿ, ಹೆಪ್ಪುಗಟ್ಟಿ, ಹಸಿರಾಗಿ.
ಎರಡು ವರ್ಷದ ಕತ್ತಿಗಳೆಲ್ಲ
ಒಂದೊಂದು ಹನಿ ಬಿಟ್ಟುಹೋಗಿವೆ ಇಲ್ಲಿ.

ಅಪ್ಪನ ಕುಲುಮೆಗೆ ಈ ರಗಳೆ ಇರಲಿಲ್ಲ.
ನೆಲದಲ್ಲೊಂದು ಕುಣಿ, ತಿದಿ, ಇದ್ದಿಲು;
ಒಡೆದರೆ ಮಣ್ಣಿಗೆ ಮಣ್ಣು.
ನನ್ನದಕ್ಕೆ ವಾಸ್ಕೊದಿಂದ ಇಟ್ಟಿಗೆ, ಮೇಲೆ ಜಿಎಸ್‌ಟಿ.

ಬರ್ನರಿನ ಕೊಳವೆಯಲ್ಲಿ ಕಣಜವೊಂದು
ಮನೆ ಕಟ್ಟಿತ್ತು.
ಅದಕ್ಕೇ ಮೊನ್ನೆ ಜ್ವಾಲೆ ಕೆಮ್ಮುತ್ತಿದ್ದದ್ದು;
ನಾನು ಸುಮ್ಮನೆ ಗ್ಯಾಸಿನವನನ್ನು ಬೈದೆ.

ಆಷಾಢದ ದಿಚೋಲಿ. ಹಚ್ಚಿದ ಲೇಪ ಒಣಗಲೊಲ್ಲದು.
ಒಳಗೆ ಅರವತ್ತು ವ್ಯಾಟಿನ ಬಲ್ಬು ಇಳಿಬಿಟ್ಟು
ಮೂರು ರಾತ್ರಿ ಕಾದೆ, ಕೋಳಿಮರಿಗೆ ಕಾವು ಕೊಟ್ಟಂತೆ.
ಅವಸರ ಮಾಡಿದರೆ ಒಳಗೆ ಅಡಗಿದ ನೀರು ಸಿಡಿದು
ಗೋಡೆಯನ್ನೇ ಕಿತ್ತುಕೊಂಡು ಬರುತ್ತದೆ.
ಅಪ್ಪನಿಗೂ ಇದನ್ನೇ ಹೇಳಬೇಕಿತ್ತು, ಬೇರೆ ವಿಷಯಕ್ಕೆ.

ಮೀನಿನ ಪಿಯೆದಾದ್ ಬಾಯಿ ದಿನಾ ಇಣುಕುತ್ತಾಳೆ:
"ಮೋನಪ್ಪಾ, ಆಗಸ್ಟಿಗೆ ದೋಣಿ ಹೊರಡುತ್ತವೆ,
ಎಲ್ಲಿ ನನ್ನ ಆದೊಳಿ?"
(ನಮ್ಮ ಈಳಿಗೆಯೇ ಅವರ ಆದೊಳಿ.)
ಬಲ್ಬಿನ ಬೆಳಕು ಕಂಡು ನಗುತ್ತಾಳೆ,
"ಒಳಗೆ ಯಾವ ದೇವರಪ್ಪಾ?"

ಇವತ್ತು ಪೈಪಿನ ಕೀಲಿಗೆ ಸಾಬೂನು ನೊರೆ ಸವರಿದೆ.
ಒಂದು ಗುಳ್ಳೆ ಎದ್ದಿತು. ಬಿಗಿದೆ. ಇನ್ನೊಂದು ಏಳಲಿಲ್ಲ.
ಕಡ್ಡಿ ಗೀರಿದೆ.
ಮೊದಲು ಬೆವರಿತು ಹೊಸ ಗೋಡೆ,
ಆಮೇಲೆ ಕಿತ್ತಳೆ,
ಆಮೇಲೆ ಹೊರಗಿನ ಮಳೆ ಕೇಳಿಸಲಿಲ್ಲ.