ಎರಡು ನೂಲು

ಹೆಸರು ಕೇಳಲಿಲ್ಲ ಮೊದಲು.
"ಆಡುವ ಶೂ ಹಾಕಿ. ನೇರ ನಿಲ್ಲಿ.
ಕೈ ಬಿಡಿ, ನಿದ್ದೆ ಬಂದವರ ಹಾಗೆ."
ದಕ್ಕೆಯ ಹಿಂದೆ ತಗಡಿನ ಮಾಡು,
ಡೀಸೆಲ್, ಬಂಗುಡೆ, ಬೆಸುಗೆಯ ವಾಸನೆ.
ಇದಿನಬ್ಬ ಮಗಳನ್ನು ಕರೆದ.
ತಾಹಿರಾ ನನ್ನ ಮಣಿಕಟ್ಟಿಗೆ ಟೇಪು ಹಿಡಿದಳು,
ಅವನು ನೆಲಕ್ಕೆ.
"ಇಪ್ಪತ್ತೊಂಬತ್ತೂವರೆ" ಎಂದು
ಗೋಡೆಗೆ ಒರಗಿದ್ದ ಯಾವುದೋ ದೋಣಿಯ ಶಾಫ್ಟಿನ ಮೇಲೆ
ಸೀಮೆಸುಣ್ಣದಲ್ಲಿ ಬರೆದುಕೊಂಡ.

ನನ್ನ ಕೈಯಿಂದ ನೆಲಕ್ಕೆ ಎಷ್ಟು ದೂರ ಎಂದು
ಅರುವತ್ತೆರಡು ವರ್ಷ ಯಾರೂ ಕೇಳಿರಲಿಲ್ಲ.
ಬ್ಯಾಂಕಿನ ಕ್ಯಾಶ್ ಕೌಂಟರ್ ಯಾವನೋ ಆರಡಿಯವನಿಗೆ ಕಟ್ಟಿದ್ದು;
ಎರಡು ಹಳೇ ಲೆಡ್ಜರಿನ ಮೇಲೆ ನಿಂತು
ಮೂವತ್ತಮೂರು ವರ್ಷ ನೋಟು ಎಣಿಸಿದೆ.
ಗಾಜಿನಾಚೆ ನಿಂತವರಿಗೆ ನಾನು
ಸಾಧಾರಣ ಎತ್ತರದ ಹೆಂಗಸು.

ಈ ಕೋಲುಗಳೂ ಹಾಗೇ.
ಬಲ್ಲಾಳ್ ಸಾಹೇಬರು ವರ್ಗವಾಗಿ ಹೋಗುವಾಗ
"ರಿಟೈರಾದ ಮೇಲೆ ಎಂತ ಮಾಡ್ತೀರಿ ವಾರಿಜಾಕ್ಷಿ, ತಗೊಳ್ಳಿ"
ಎಂದು ಚೀಲ ಸಮೇತ ಕೊಟ್ಟದ್ದು.
ಒಳಗೊಂದು ಬಿಳಿ ಕೈಗವಸು,
ನನ್ನ ಎರಡೂ ಕೈ ಹಿಡಿಸುವಷ್ಟು.

ಆಮೇಲೆ ವಾಮಂಜೂರಿನಾಚೆ, ಗುಡ್ಡದ ಮೈದಾನದಲ್ಲಿ
ಹಿಡಿಯನ್ನು ಕೆಳಗಿಂದ ಹಿಡಿದೆ, ಮೊಣಕಾಲು ಬಗ್ಗಿಸಿದೆ,
ಹಿಂದೆ ಸರಿದು ನಿಂತೆ. ಚೆಂಡು ಎಡಕ್ಕೇ,
ಮುರಕಲ್ಲಿನ ಪೊದೆಗೆ.
"ತಲೆ ಎತ್ತಬೇಡಿ ಮೇಡಂ" ಅಂದ ಕಲಿಸುವ ಹುಡುಗ.
ಎತ್ತಿದ್ದೆನೋ ಏನೋ.
ಆರು ವರ್ಷ ತಲೆ ಎತ್ತಲಿಲ್ಲ.

ಇದಿನಬ್ಬ ಕೋಲಿನ ಅಡಿಗೆ ನೀಲಿ ಪಟ್ಟಿ ಅಂಟಿಸಿದ,
ಪ್ಲೈವುಡ್ಡಿನ ಮೇಲೆ ಚೆಂಡಿಟ್ಟ,
ಎದುರಿಗೆ ಹರಿದ ಮೀನುಬಲೆ ಇಳಿಬಿಟ್ಟ.
"ಹೊಡೀರಿ."
ಬಲೆ ಉಬ್ಬಿ ಇಳಿಯಿತು.
ಕೋಲು ತಿರುಗಿಸಿದರೆ
ಹಿಮ್ಮಡಿಯ ಕಡೆ ಮಾತ್ರ ಪಟ್ಟಿ ಸವೆದಿತ್ತು,
ತುದಿಯಲ್ಲಿ ಹೊಚ್ಚಹೊಸ ನೀಲಿ.
"ನೋಡಿ, ಇದು ನೆಲಕ್ಕೆ ಕೂತೇ ಇಲ್ಲ,
ಮೂಗು ಎತ್ತಿಕೊಂಡು ನಿಂತಿದೆ. ಮುಖ ಎಡಕ್ಕೆ ಉಂಟು.
ನೀವು ಸರಿಯಾಗಿ ಹೊಡೆದಷ್ಟೂ ಎಡಕ್ಕೇ ಹೋಗ್ತದೆ."

ಸರಿಯಾಗಿ ಹೊಡೆದಷ್ಟೂ.
ಅಲ್ಲೇ ಎಣ್ಣೆಡಬ್ಬಿಯ ಮೇಲೆ ಕೂತೆ.

ಮುಕ್ಕಾಲಿಂಚು ಕತ್ತರಿಸಿದ. ಕಿಡಿ.
ತಲೆಯನ್ನು ವೈಸಿಗೆ ಕಚ್ಚಿಸಿ, ಉದ್ದ ಸರಳು ಸಿಕ್ಕಿಸಿ
ಮೈಭಾರ ಬಿಟ್ಟು ಬಾಗಿಸಿದ, ಎರಡೇ ಡಿಗ್ರಿ.
"ಎರಕದ್ದಾದ್ರೆ ಟಪ್ ಅಂತ ಮುರೀತದೆ.
ಇದು ಬಡಿದು ಮಾಡಿದ್ದು, ಮಾತು ಕೇಳ್ತದೆ."
ಗಿಡ್ಡವಾದ ಕೋಲಿನ ತಲೆ ಹಗುರಾಯಿತೆಂದು
ಬಲೆಯ ಸೀಸದ ಗುಂಡೊಂದನ್ನು ಚಪ್ಪಟೆ ಬಡಿದು
ಬೆನ್ನಿಗೆ ಅಂಟಿಸಿದ.
"ದೋಣಿಯೂ ಹೀಗೇ. ಶಾಫ್ಟು ಎರಡು ನೂಲು ಬಾಗಿದ್ರೆ ಸಾಕು,
ಇಡೀ ದೋಣಿ ನಡುಗ್ತದೆ. ತಾಂಡೇಲ
ಎಂಜಿನ್ನಿಗೆ ಬೈತಾನೆ."

ಏಳು ಕೋಲು, ಏಳು ತುಂಡು.
ಕೇಳಿ ತಂದು ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿ
ಅಳೆದೆ: ಐದೂಕಾಲು ಇಂಚು.
ಇಷ್ಟು ದಿನ ನಾನು ಹೊತ್ತು ತಿರುಗಿದ
ಸಾಹೇಬರ ಎತ್ತರ.

ಭಾನುವಾರ ಮೊದಲ ಚೆಂಡು ನೇರ ಹೋಯಿತು.
ಎರಡನೆಯದೂ.
ಮೂರನೆಯದು ಬಲಕ್ಕೆ, ಗೇರುಮರಗಳಾಚೆ.
ಹುಡುಗ ಬಾಯಿ ತೆರೆಯುವ ಮೊದಲೇ
"ಇದು ನನ್ನದು" ಅಂದೆ.
ಕೋಲಿನದಲ್ಲ, ಸಾಹೇಬರದಲ್ಲ,
ನನ್ನ ಅಳತೆಗೇ ಹೊಲಿದ ತಪ್ಪು.
ಹುಡುಕಲು ಹೋದೆ. ಚೆಂಡು ಸಿಗಲಿಲ್ಲ.
ಬಿದ್ದ ಗೇರುಹಣ್ಣೊಂದು ಸಿಕ್ಕಿತು, ಒರೆಸಿ ತಿಂದೆ.
ಸಂಜೆಯವರೆಗೂ ಗಂಟಲು ಕೆರೆಯಿತು.